ಹಪ್ಪಳದೊಳಗಿನ ಬಿಸಿಲು

ತಿನಿಸನ್ನು ಉರಿಸಿ, ಆ ಉರಿಯಲ್ಲಿ ನೀರು ಕಾಯಿಸಿ, ಅದರಲ್ಲಿ ಎಷ್ಟು ಶಕ್ತಿಯಿದೆ ಎಂದು ಅಳೆಯುವ ಪಾಠ ಅಂದು. ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಶೇಂಗಾ, ಪಕ್ಕದ ತಟ್ಟೆಯಲ್ಲಿ ಅಕ್ಕಿ ಹಪ್ಪಳದ ಒಂದು ತುಂಡು ಕಾದಿದ್ದವು.

“ಪ್ರತಿವರ್ಷವೂ ಉರಿಯುವವನು ನಾನೇ. ನನ್ನಲ್ಲಿ ಎಣ್ಣೆಯಿದೆ. ನಿನ್ನಲ್ಲಿ ಏನಿದೆ?” ಎಂದು ಕೇಳಿತು ಶೇಂಗಾ.

“ಹೇಳಿಕೊಳ್ಳುವಂಥದ್ದು ಏನೂ ಇಲ್ಲ,” ಎಂದಿತು ಹಪ್ಪಳ. ಅದು ಹಾಗೆಂದೇ ನಂಬಿತ್ತು.

ಅಷ್ಟರಲ್ಲಿ ನೀಲಮ್ಮ ಟೀಚರ್ ಬಂದು ಡಬ್ಬಿಯನ್ನು ತೆರೆಯದೆ ಎತ್ತಿಕೊಂಡರು. “ನಾನಿಲ್ಲದೆ ನೀರು ಬೆಚ್ಚಗೂ ಆಗದು,” ಎಂದು ಶೇಂಗಾ ಒಳಗಿಂದಲೇ ಗದರಿತು. ಅವರು ಡಬ್ಬಿಯನ್ನು ದೂರದ ಕೋಣೆಯಲ್ಲಿಟ್ಟು ಬಂದರು. ಕೈ ತೊಳೆದು ಮೇಜು ಒರೆಸಿದರು. ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಶಾಕಿರಾಳನ್ನು ಕರೆದರು. ಶೇಂಗಾ ಸೋಕಿದರೆ ಉಸಿರು ಕಟ್ಟುವ ಹುಡುಗಿ ಅವಳು. ಹೋದ ವರ್ಷ ಈ ಪಾಠವನ್ನು ಕಿಟಕಿಯಾಚೆಯಿಂದ ನೋಡಿದ್ದಳು.

“ಹಿಂದೆ ನಿಲ್ಲಲೇ, ಟೀಚರ್?”

“ಬೇಡಮ್ಮ. ಹಚ್ಚುವವಳು ನೀನೇ.”

ಟೀಚರ್ ಚುಚ್ಚಿಕೊಟ್ಟ ಸೂಜಿಯ ತುದಿಯಲ್ಲಿ ಹಪ್ಪಳ ನಡುಗಿತು. ಶಾಕಿರಾ ಗೀರಿದ ಕಡ್ಡಿ ತಾಗಿದ್ದೇ ತಡ, ಅದರ ತೆಳ್ಳನೆಯ ಮೈಯಿಂದ ಹಳದಿ ಜ್ವಾಲೆ ನೆಟ್ಟಗೆ ಎದ್ದು ನೀರು ತುಂಬಿದ್ದ ಗಾಜಿನ ನಳಿಗೆಯನ್ನು ಅಪ್ಪಿತು. ಶಾಕಿರಾ ಉಷ್ಣಮಾಪಕದತ್ತ ಬಾಗಿದಳು.

“ಇಪ್ಪತ್ತೇಳಿತ್ತು, ಈಗ ನಲವತ್ತೊಂದು,” ಎಂದು ಪಿಸುಗುಟ್ಟಿದಳು. “ಇಷ್ಟೊಂದು ಶಾಖ ಇದಕ್ಕೆ ಎಲ್ಲಿಂದ ಬಂತು, ಟೀಚರ್?”

“ಭತ್ತದ ಗದ್ದೆಗೆ ಬಿದ್ದ ಬಿಸಿಲು ಕಣಮ್ಮ ಅದು.”

ಆ ಮಾತು ಹಪ್ಪಳಕ್ಕೂ ಕೇಳಿಸಿತು. ತಾನು ಬಿಸಿಲೆಂದು ಅದಕ್ಕೆ ತಿಳಿದದ್ದು ಆಗಲೇ. ಉಳಿದಿದ್ದ ಕೊನೆಯ ಅಂಚನ್ನೂ ಅದು ಸಂತೋಷದಿಂದ ಬೆಂಕಿಗೆ ಕೊಟ್ಟಿತು.