ಓದು ಬಾರದವನು ಕಟ್ಟಿದ ಗಂಟು

"ರಾಜಕುಮಾರಿಗೆ ಮಾತು ಹೋಗಿದೆ. ಅರಸರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಶೂಲ" ಎಂದು ಸಿರಿವಳ್ಳಿಯ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಆ ರಾಜಕುಮಾರಿ, ಮಗು ಮುತ್ತಬ್ಬೆ, ಒಂದೂವರೆ ವರ್ಷಕ್ಕೆ 'ಅವ್ವ' ಅಂದಿತ್ತು. ಮೂರಕ್ಕೆ ಅದನ್ನೂ ಮರೆತು ಹಗಲಿಡೀ ಕೈ ಹೊಸೆಯುತ್ತ ಕೂರುತ್ತಿತ್ತು. ಹೆತ್ತವಳ ದೋಷವೆಂದು ಯಾರೋ ಕಿವಿಯೂದಿದ್ದಕ್ಕೆ ಅರಸ ರಾಣಿಯನ್ನು ಹಿತ್ತಲ ಮನೆಯಲ್ಲಿ ಕೂಡಿಹಾಕಿದ್ದ. ಏನೂ ತೋಚದಿದ್ದಾಗ ದೊಡ್ಡವರು ಹೀಗೇ, ಯಾರ ಮೇಲಾದರೂ ಹಾಕಿಬಿಡುತ್ತಾರೆ.

ಒಗಟುಗಳು ಅರಮನೆಯ ಮುದಿ ವೈದ್ಯನವು. ಉತ್ತರದ ಓಲೆಯನ್ನು ಮಂತ್ರಿಯ ಕೈಗಿತ್ತು, ಇವನ್ನು ಬಿಡಿಸಿದವನು ರೋಗ ಬಲ್ಲ ಎಂದು ಹೇಳಿ ಅವನು ಕಣ್ಣು ಮುಚ್ಚಿದ್ದ. ಬಲ್ಲವನು ವಾಸಿಯನ್ನೂ ಮಾಡುತ್ತಾನೆಂದು ಅರಸ ತಿಳಿದ.

"ಊರಿನ ಮನೆಮನೆಯಲ್ಲೂ ಒಂದೇ ಗ್ರಂಥ. ಆದರೂ ಒಬ್ಬ ಗೋಡೆ ಕಟ್ಟುತ್ತಾನೆ, ಒಬ್ಬ ಸುದ್ದಿ ಒಯ್ಯುತ್ತಾನೆ. ಯಾವ ಊರದು?" ಎಂಬುದು ಮೊದಲನೆಯದು. ದಳವಾಯಿ ಜೇನುಗೂಡು ಎಂದ. ಪಕ್ಕದ ನಾಡಿನ ಯುವರಾಜ ಗುರುಕುಲ ಎಂದ. ಇಬ್ಬರೂ ಶೂಲಕ್ಕೇರಿದರು.

ಮೂರನೆಯವನಾಗಿ ಬಂದವನು ಓಲೆಭಂಡಾರದ ಮಾಚಿಗ. ಪಂಡಿತರು ಓದುವ ಓಲೆಗ್ರಂಥದ ಕಟ್ಟು ಬಿಚ್ಚುವುದು, ಉಳಿದವನ್ನು ಬಿಗಿಯುವುದು ಅವನ ಕೆಲಸ. ಅವನಿಗೆ ಅಕ್ಷರ ಬಾರದು, ಆದರೆ ಪಂಡಿತರು ಓದಿದ್ದನ್ನೆಲ್ಲ ಹಿಡಿದಿಡುವಷ್ಟು ಕಿವಿ ಚುರುಕು. ಭಂಡಾರದ ಗೋಡೆಯಾಚೆ ರಾಣಿ ಅಳುವುದು ದಿನವೂ ಕೇಳಿ ಅವನಿಗೆ ಅನ್ನ ಸೇರದಂತಾಗಿತ್ತು.

ಊರೆಂದರೆ ಮೈ, ಮನೆಯೆಂದರೆ ಕೋಶ, ಗ್ರಂಥವೆಂದರೆ ಅದರೊಳಗಿನ ಜೀನುಗಳು, ಗೋಡೆಯವನು ಚರ್ಮದ ಕೋಶ, ಸುದ್ದಿಯವನು ನರದ ಕೋಶ ಎಂದ ಮಾಚಿಗ. ಮಂತ್ರಿ ಓಲೆ ನೋಡಿ ಸರಿಯೆಂದು ತಲೆಯಾಡಿಸಿದ.

"ಆ ಮನೆಯ ನಡುಕೋಣೆಯಲ್ಲಿ ಕೂತವನಿಗೆ ಓದು ಬಾರದು. ಅವನಿಲ್ಲದೆ ಸುದ್ದಿಯವನು ಬೆಳೆಯಲಾರ. ಯಾರವನು?" ಎಂಬುದು ಎರಡನೆಯದು.

ಮಾಚಿಗನಿಗೆ ನಗು ಬಂತು. "ನನ್ನಂಥೋನೇ ಬುದ್ಧಿ. ಎಲ್ಲಾ ಕಟ್ಟೂ ಒಟ್ಟಿಗೆ ಬಿಚ್ಚಿದ್ರೆ ಗದ್ದಲ. ನರದ ಕೋಶ ಬೆಳೆಯುವಾಗ ಬೇಕಾದ ಜೀನು ಬಿಚ್ಚಿ, ಬೇಡದ್ದನ್ನ ಬಿಗಿಯೋದು ಕೋಶದ ನಡುವಲ್ಲಿರೋ ಒಂದು ಪ್ರೋಟೀನು." ಆ ಕಾಲದಲ್ಲಿ ಈ ಮಾತೆಲ್ಲ ಇತ್ತೇ ಎಂದು ನನ್ನನ್ನು ಕೇಳಬೇಡಿ.

ಅದೂ ಸರಿಯೆಂದು ಮಂತ್ರಿ ಹೇಳಿದಾಗ, ಮೂರನೆಯದನ್ನು ಅರಸ ತಾನೇ ಕೇಳಿದ. "ನನ್ನ ಮಗಳೊಳಗೆ ಆ ಗಂಟು ಸಡಿಲಿದೆ. ತಪ್ಪು ಯಾರದು?"

ಅರ್ಧ ರಾಜ್ಯ ಕೈತಪ್ಪೀತೆಂದು ಸಭೆಯಲ್ಲಿದ್ದ ಅರಮನೆಯ ಜೋಯಿಸ ನಡುವೆ ಬಾಯಿ ಹಾಕಿ, ಹೆತ್ತವಳದು ಎಂದ. ಮಂತ್ರಿ ಅಲ್ಲವೆಂದ. ಜೋಯಿಸನನ್ನೂ ಎಳೆದೊಯ್ದರು.

ಮಾಚಿಗ ಅರಸನತ್ತ ತಿರುಗಿದ. "ಯಾರ್ದೂ ಅಲ್ಲ ಬುದ್ಧಿ. ಮಗು ಮೂಡೋ ಹೊತ್ತಿಗೇ ಆ ಪ್ರೋಟೀನು ಸರಿಯಾಗಿ ಆಗ್ಲಿಲ್ಲ. ಅಮ್ಮಾವ್ರು ಮಾಡಿದ್ದೂ ಅಲ್ಲ, ತಾವು ಮಾಡಿದ್ದೂ ಅಲ್ಲ."

ಓಲೆಯಲ್ಲೂ ಹಾಗೇ ಇತ್ತು.

"ಹಾಗಾದರೆ ಬಿಗಿದು ಕಟ್ಟು" ಎಂದ ಅರಸ.

"ಅದು ನನ್ನ ಕೈಗೆ ಎಟುಕೋದಲ್ಲ. ಇವತ್ತಿಗೆ ಯಾರ ಕೈಗೂ ಎಟುಕೋದಲ್ಲ."

ಅರಸ ಕತ್ತಿ ಹಿರಿದ. ಹಿರಿದ ಕತ್ತಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತ. ಆಮೇಲೆ ಅದನ್ನು ಕೆಳಗಿಟ್ಟು ಸಿಂಹಾಸನದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ.

ಅರ್ಧ ರಾಜ್ಯದ ಶಾಸನ ಬರೆಯಲು ಮಂತ್ರಿ ಓಲೆ ಕೊರೆಯುವ ಕಂಟವನ್ನು ಹಿಡಿದಾಗ, ಅದರ ಬದಲು ಹಿತ್ತಲ ಮನೆಯ ಬಾಗಿಲು ತೆಗೆಸಿ ಎಂದು ಮಾಚಿಗ ಕೇಳಿಕೊಂಡ. ಅರಸ ತಾನೇ ಹೋಗಿ ತೆಗೆದ.

ರಾಣಿ ಬಂದು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಅದು ಅವ್ವ ಅನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ. ಹೊಸೆಯುವ ಆ ಎರಡು ಕೈಗಳನ್ನು ಅವಳು ತನ್ನ ಕೈಯೊಳಗೆ ಇಟ್ಟುಕೊಂಡಳು. ಅವು ಅಲ್ಲಿಯೂ ಹೊಸೆಯುತ್ತಲೇ ಇದ್ದವು.