ಒಂದೇ ಅಳತೆಯ ಚಕ್ರ

ಗುಡ್ಡದ ಸೈಕಲ್ ಪಂದ್ಯ ಶುರುವಾಗುವ ಮುಂಚೆ ಕರಿ ಸೈಕಲ್ಲೂ ಕೆಂಪು ಸೈಕಲ್ಲೂ ಒಂದೇ ಕಟ್ಟೆಗೆ ಒರಗಿ ನಿಂತಿದ್ದವು. ಎರಡಕ್ಕೂ ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್, ಹಿಂದೆ ಇಲ್ಲ.

"ನನ್ನ ಶಾಕ್ ಗಾಳಿ ತುಂಬುವಂಥದ್ದು. ನಿನ್ನದು?" ಎಂದು ಕರಿ ಸೈಕಲ್ ಕೇಳಿತು.

"ಸ್ಪ್ರಿಂಗಿನದು," ಎಂದಿತು ಕೆಂಪು ಸೈಕಲ್.

"ನನಗೆ ಹನ್ನೆರಡು ಗೇರು."

"ನನಗೆ ಒಂಬತ್ತು. ಗುಡ್ಡ ಹತ್ತಲು ಸಾಕು."

"ನನ್ನ ಬ್ರೇಕು ಎಣ್ಣೆಯದು."

"ನನ್ನದು ತಂತಿಯದು. ಹಿಡಿದರೆ ನಿಲ್ಲುತ್ತೇನೆ."

"ಹಾಗಾದರೆ ನೀನು ಯಾವುದರಲ್ಲೂ ನನಗೆ ಸಮನಲ್ಲ," ಎಂದು ಕರಿ ಸೈಕಲ್ ತೀರ್ಪು ಕೊಟ್ಟಿತು.

ಮೊದಲ ಹತ್ತು ಜನಕ್ಕೆ ರಾಜ್ಯ ತಂಡದ ಆಯ್ಕೆಗೆ ಕರೆ ಬರುತ್ತಿತ್ತು. ಕರಿ ಸೈಕಲ್ ಓಡಿಸುತ್ತಿದ್ದ ಶಾಂಭವಿಗೆ ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ. ಅರ್ಧ ದಾರಿಯವರೆಗೆ ಅವಳೇ ಎಲ್ಲರಿಗಿಂತ ಮುಂದಿದ್ದಳು. ಅಲ್ಲಿ ಜಾಲಿಮುಳ್ಳು ಹೊಕ್ಕು ಹಿಂದಿನ ಚಕ್ರದ ಗಾಳಿ ಹೋಯಿತು. ಭಾರ ಕಡಿಮೆಯಾಗಲೆಂದು ಅವಳು ಬೇರೆ ಟ್ಯೂಬ್ ತಂದಿರಲಿಲ್ಲ. ಒಬ್ಬೊಬ್ಬರೇ ದಾಟಿ ಹೋಗುವುದನ್ನು ನೋಡುತ್ತಾ ದಾರಿ ಬದಿ ನಿಂತಳು.

ಕೆಂಪು ಸೈಕಲ್ಲಿನ ಮೆಹರುನ್ನೀಸಾ ಬ್ರೇಕ್ ಹಿಡಿದಳು. "ಅಕ್ಕಾ, ನನ್ನ ಹತ್ರ ಒಂದು ಟ್ಯೂಬ್ ಇದೆ, ಹಾಕ್ಕೊಳ್ಳಿ."

"ನಿನಗೂ ಮುಳ್ಳು ಚುಚ್ಚಿದರೆ?"

"ಚುಚ್ಚಿದಾಗ ನೋಡೋಣ."

ಟ್ಯೂಬ್ ಸರಿಯಾಗಿ ಕೂತಿತು. ಇಬ್ಬರೂ ಸೇರಿ ಗಾಳಿ ಹೊಡೆದು ಹೊರಟರು. ಮೆಹರುನ್ನೀಸಾ ಏಳನೆಯವಳಾಗಿ, ಶಾಂಭವಿ ಒಂಬತ್ತನೆಯವಳಾಗಿ ಗುಡ್ಡದ ತುದಿ ಮುಟ್ಟಿದರು.

"ನಮ್ಮಿಬ್ಬರ ಚಕ್ರ ಒಂದೇ ಅಳತೆಯದೆಂದು ನಿನಗೆ ಮೊದಲೇ ಗೊತ್ತಿತ್ತೇ?" ಎಂದು ಕರಿ ಸೈಕಲ್ ಮೆಲ್ಲಗೆ ಕೇಳಿತು.

"ಗೊತ್ತಿತ್ತು," ಎಂದಿತು ಕೆಂಪು ಸೈಕಲ್. "ನೀನು ಅದೊಂದನ್ನು ಮಾತ್ರ ಕೇಳಲಿಲ್ಲ."