ಮೆದುಹಂದಿಗೆ ಮುಳ್ಳು ಬಂದದ್ದು

ಮೆದುಹಂದಿ ಹಾಡಹಗಲೇ ಬಂದು ಬೋರವ್ವನ ಮಾವಿನ ಸಸಿಯ ತೊಗಟೆ ತಿಂದಿತು. ಒಂದು ಕಡೆ ಕಚ್ಚಿ ಬಿಟ್ಟಿದ್ದರೆ ಮಾತು ಬೇರೆ. ಬುಡದ ಸುತ್ತ ಬಳೆ ತೊಡಿಸಿದ ಹಾಗೆ ಸುಲಿದು ತಿಂದಿತು.

ಲೋಕ ಆಗಿನ್ನೂ ಹಸಿಯಾಗಿತ್ತು. ಈ ಹಂದಿಗೆ ಮೊಲದಂಥ ಮೆತ್ತನೆಯ ಕೂದಲು, ಅದಕ್ಕೇ ಆ ಹೆಸರು. ಮಾವು ಎಂಬುದು ಇಡೀ ಲೋಕಕ್ಕೆ ಎರಡೇ ಸಸಿ. ಹೊಳೆ ಎಲ್ಲಿಂದಲೋ ಎರಡು ಮಾವಿನ ವಾಟೆ ತಂದು ಬೋರವ್ವನ ಕೈಗೆ ಹಾಕಿ, "ಮುದುಕಿ, ಇವನ್ನು ಬದುಕಿಸು. ಇನ್ನು ಕೇಳಬೇಡ, ನನ್ನ ಹತ್ತಿರ ಇಲ್ಲ" ಅಂದಿತ್ತು.

ಸುಲಿದ ಸಸಿಯ ಎಲೆ ಜೋತುಬಿದ್ದಿತು. ಬೋರವ್ವ ನೀರು ಹೊಯ್ದಳು. ಮಣ್ಣು ಮೆತ್ತಿದಳು. ಎಲೆ ಉದುರಿತು. ಸಸಿ ಒಣಗಿ ಕಡ್ಡಿಯಾಯಿತು.

ಬೋರವ್ವನಿಗೆ ಮೈಯೆಲ್ಲ ಉರಿದುಹೋಯಿತು. ಹೊಳೆದಂಡೆಯಲ್ಲಿ ಬಿಸಿಲು ಕಾಯುತ್ತಿದ್ದ ಮೆದುಹಂದಿಯ ಮುಂದೆ ಹೋಗಿ ನಿಂತಳು.

"ಲೋ, ನಾಚಿಕೆಗೆಟ್ಟವನೇ! ಏನು ಮಾಡಿದೆ ನೋಡು!"

"ಏನು ಮಾಡಿದೆ? ಎಲೆ ಮುಟ್ಟಿದೆನಾ? ಬೇರು ಕಿತ್ತೆನಾ? ಬರೀ ಸಿಪ್ಪೆ ತಾನೇ, ಅಜ್ಜಿ."

"ಸಿಪ್ಪೆಯಂತೆ! ಎಲೆಗೂ ಬೇರಿಗೂ ಅನ್ನ ಓಡಾಡೋ ದಾರಿ ಕಣೋ ಅದು. ನಿನ್ನ ಕುತ್ತಿಗೆ ಸುತ್ತ ಸುಲಿದು ಬರೀ ಸಿಪ್ಪೆ ಅನ್ನಲಾ?"

"ಇನ್ನೊಂದು ಸಸಿ ಇದೆಯಲ್ಲ" ಅಂದು ಅದು ಆಕಳಿಸಿತು.

ಇನ್ನೊಂದು ಇತ್ತು. ಒಂದೇ ಒಂದು.

ಬೋರವ್ವ ಬೇವಿನ ಸೊಪ್ಪು ಅರೆದು, ಸಗಣಿಯಲ್ಲಿ ಕಲಸಿ, ಆ ಸಸಿಯ ಬುಡಕ್ಕೆ ದಪ್ಪಗೆ ಬಳಿದಳು. ಮೆದುಹಂದಿ ಬಂದು ಮೂಸಿತು. ನಾಲಿಗೆ ಚಾಚಿ ನೆಕ್ಕಿತು.

"ಚಟ್ನಿ ಬೇರೆ ಹಚ್ಚಿದ್ದೀಯಾ! ಸ್ವಲ್ಪ ಕಹಿ. ಉಪ್ಪು ಮರೆತಿದ್ದೀಯ" ಅಂದಿತು. ಅಂದು, ಒಂದು ಬಾಯಿ ತೊಗಟೆ ಕಿತ್ತೇಬಿಟ್ಟಿತು.

ಬೋರವ್ವ ಪೊರಕೆ ಬೀಸಿ ಅದನ್ನು ಓಡಿಸಿದಳು. ಅಲ್ಲಿಂದ ನೇರ ಜಾಲಿಮರದ ಹತ್ತಿರ ಹೋದಳು.

"ಜಾಲಿಯಪ್ಪ, ಮುಳ್ಳು ಕೊಡು."

"ಯಾರಿಗೆ?"

"ಆ ಮೆದುಹಂದಿಗೆ."

"ನನ್ನ ಬುಡವನ್ನೂ ಕೆರೆದಿದ್ದಾನೆ ಆ ಕಳ್ಳ. ಕಡಿದುಕೋ. ಚೆನ್ನಾಗಿ ಬಲಿತದ್ದೇ ಕಡಿದುಕೋ."

ಬೋರವ್ವ ಸಸಿಯ ಸುತ್ತ ಬೇಲಿ ಕಟ್ಟಿದಳು. ಕೊಂಬೆಯ ಬುಡ ಒಳಗಡೆಗೆ, ಮುಳ್ಳು ಹೊರಗಡೆಗೆ. ಕಾಲಿಂದ ತುಳಿದು ಒತ್ತಿದಳು. ಮೇಲೆ ಕಲ್ಲು ಹೇರಿದಳು.

ಮೆದುಹಂದಿ ಮತ್ತೆ ಬಂತು. ಮೂತಿ ತೂರಿಸಿತು, ಮುಳ್ಳು ಚುಚ್ಚಿತು. ಮೇಲೆ ಹೋಗುತ್ತಿದ್ದ ಗಾಳಿ ನಕ್ಕಿತು. "ಬಿಡೋ ಮಾರಾಯ, ನಿನ್ನ ಕೈಲಾಗಲ್ಲ. ಮನೆಗೆ ಹೋಗು."

"ಕಣ್ಣು ಮೂಗು ಇರೋದು ಮುಂದೆ. ಹಿಂದಿನಿಂದ ಹೋದರೆ ಏನಂತೆ?" ಅಂದಿತು ಮೆದುಹಂದಿ. ಬೆನ್ನು ತಿರುಗಿಸಿತು. ಇದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ನುಗ್ಗಿತು.

ಅದರ ಕಿರುಚಾಟ ಹೊಳೆಯಾಚೆಗೂ ಕೇಳಿಸಿತು.

ಮುಳ್ಳೆಲ್ಲ ಬೆನ್ನಿಗೆ ನಾಟಿ, ಕೊಂಬೆಯಿಂದ ಮುರಿದು ಬಂದವು. ಹಸಿ ಲೋಕ ಅದು. ಎಲ್ಲಿ ಏನು ನಾಟಿದರೂ ಬೇರು ಬಿಡುತ್ತಿತ್ತು. ಒಳಗೆ ಹೋದ ಮೊನೆ ಬೇರು ಬಿಟ್ಟಿತು. ಹೊರಗಿನ ತುದಿ ಬೆಳೆಯಿತು, ಉದ್ದವಾಯಿತು, ಚೂಪಾಯಿತು.

"ಅಜ್ಜಿ, ಕೀಳೇ! ನಿನ್ನ ಕಾಲಿಗೆ ಬೀಳ್ತೀನಿ, ಕೀಳೇ!"

"ನೀನು ತಿಂದ ತೊಗಟೆ ತಂದು ಆ ಸತ್ತ ಸಸಿಗೆ ಅಂಟಿಸು. ಆಮೇಲೆ ಕೀಳ್ತೀನಿ."

ಎಲ್ಲಿಂದ ತಂದೀತು? ಒದರುತ್ತ ಒದರುತ್ತ ಬಿಲ ಸೇರಿತು.

ಉಳಿದ ಸಸಿ ಬದುಕಿತು. ಈಗಿರುವ ಮಾವೆಲ್ಲ ಅದರದೇ ಸಂತಾನ. ಮುಳ್ಳುಹಂದಿ ಮಾತ್ರ ಬುದ್ಧಿ ಕಲಿಯಲಿಲ್ಲ. ಎಳೆ ತೊಗಟೆ ಕಂಡರೆ ಇವತ್ತಿಗೂ ಬಾಯಿ ಹಾಕುತ್ತದೆ. ಯಾರಾದರೂ ಅಡ್ಡ ಬಂದರೆ ಬೆನ್ನು ತಿರುಗಿಸಿ, ಮುಳ್ಳು ನಿಗುರಿಸಿ, ಹಿಂದಕ್ಕೇ ನುಗ್ಗುತ್ತದೆ.